ಗೋಡೆಯ ಬಣ್ಣ

ರೋಲರ್ ಗೋಡೆ ಹತ್ತಿ ಇಳಿಯುವ ಸದ್ದು, ಚಪ್ಪ ಚಪ್ಪ ಅಂತ, ನಾಯಿ ನೀರು ಕುಡಿದ ಹಾಗೆ, ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ, ಆಮೇಲೆ ಡಬ್ಬದ ಅಂಚಿಗೆ ಒರೆಸಿದ್ದು, ಮತ್ತೆ ಮೇಲಕ್ಕೆ — ಬಳಿಯಲಿ, ಚೆನ್ನಾಗಿ ಬಳಿಯಲಿ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ಇವನು, ಮಗು ಹುಟ್ಟಿ ಏಳು ತಿಂಗಳಾದ ಮೇಲೆ ನೀಲಿ ಕೋಣೆಗೆ ಬಿಳಿ ಬಳಿಯಲು ನಿಂತಿದ್ದಾನೆ, ಅದಕ್ಕೆ ಕೆಲಸಕ್ಕೆ ರಜೆ ಬೇರೆ, ಆಸ್ಪತ್ರೆಗೆ ಬನ್ನಿ ಅಂದಾಗ ಸಿಗದ ರಜೆ ಗೋಡೆಗೆ ಸಿಕ್ಕಿತು. ಅವಳು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಹೆಗಲ ಮೇಲೆ ಮಗು, ಮಲಗಿಸಿದರೆ ಉಸಿರಿಗೆ ಒದ್ದಾಡುತ್ತದೆ, ಎತ್ತಿಕೊಂಡರೆ ನಿದ್ದೆ ಹೋಗುತ್ತದೆ, ಅವಳ ಎಡಗಡೆಯ ಹೆಗಲು ಮರಗಟ್ಟಿ ಯಾವುದೋ ಕಾಲವಾಯಿತು, ಅದು ತನ್ನದು ಅನ್ನುವುದೇ ಮರೆತಿದೆ. ಹೊರಗಿನ ಕೋಣೆಯಲ್ಲಿ ಅತ್ತೆ ಫೋನಿನಲ್ಲಿ ಮಗಳ ಹತ್ತಿರ, ಎಂಥಾ ಅಪ್ಪ ಕಣೇ ಅವ್ನು, ಮಗೂಗೋಸ್ಕರ ಒಬ್ನೇ ಇಡೀ ರೂಮ್ ಬಿಳಿ ಮಾಡ್ತಿದಾನೆ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕ್ಕೊಂಡಿಲ್ಲ, ಪಾಪ — ಹಾಕಿಕೊಂಡಿದ್ದಾನೆ, ಬಡಿಸಿದ ಕೈ ಇದೇ, ಎರಡು ಸಲ ಕೇಳಿ ಹಾಕಿಸಿಕೊಂಡ. ಅವಳದು ಮಾತ್ರ ಹೊಟ್ಟೆ ಖಾಲಿ, ಅದನ್ನು ಯಾರೂ ಯಾರಿಗೂ ಫೋನ್ ಮಾಡಿ ಹೇಳುವುದಿಲ್ಲ. ಹೇಳುವುದೂ ಬೇಡ, ಮಗುವಿನ ಬಣ್ಣ ನೋಡಿದರೆ ಸಾಕು, ಡಾಕ್ಟರಮ್ಮ ಹೇಳಿದ್ದು ಅಷ್ಟೇ ಅಲ್ಲವೇ, ಸ್ವಲ್ಪ ತೂಕ ಬರ್ಲಿ, ಆಪರೇಷನ್ ಮಾಡೋಣ, ಅಲ್ಲೀವರೆಗೂ ನಿಮ್ಮ ಕೆಲಸ ಒಂದೇ, ಬಣ್ಣ ನೋಡ್ತಾ ಇರಿ, ತುಟಿ ಈಗಿರೋದಕ್ಕಿಂತ ಗಾಢ ಆದ್ರೆ ತೂಕಗೀಕ ಅಂತ ಕಾಯ್ಬೇಡಿ, ಎತ್ಕೊಂಡು ಬಂದ್ಬಿಡಿ. ಬಣ್ಣ ನೋಡುವುದು, ಇಷ್ಟೇ ಕೆಲಸ, ಅದೂ ಬಣ್ಣ ಬಳಿಯುವವನ ಮನೆಯಲ್ಲಿ.

ಇವತ್ತು ಬೆಳಗ್ಗೆ ಎದ್ದಾಗಲೇ ಅವಳಿಗೆ ಕಂಡಿತ್ತು, ಗಾಢವಾಗಿದೆ, ರೀ ಏಳಿ, ಗುಂಡನ ತುಟಿ ನೋಡಿ, ನಿನ್ನೆ ಹೀಗಿರಲಿಲ್ಲ, ಅವನು ಎದ್ದು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ಮಗುವನ್ನು ನೋಡಿದ, ಗಿರಾಕಿಗಳ ಗೋಡೆ ನೋಡುವುದು ಹಾಗೆಯೇ, ನೋಡಿ, ಗೋಡೆ ಬಣ್ಣ ಮುಖಕ್ಕೆ ಹೊಡೀತಿದೆ ಕಣೆ, ಈ ರೂಮಲ್ಲಿ ಯಾರನ್ನ ನಿಲ್ಲಿಸಿದ್ರೂ ನೀಲಿನೇ, ಅಂದ. ಅಡುಗೆಮನೆಗೆ ತಂದಳು, ಇಲ್ಲಿ ಕಿಟಕಿಗೆ ಎದುರಾಗಿ ಪಕ್ಕದ ಕಟ್ಟಡದ ಇಟ್ಟಿಗೆ ಗೋಡೆ, ಕೆಂಪು, ಬಿಸಿಲು ಬಿದ್ದರೆ ಅದರ ಕೆಂಪೆಲ್ಲ ಒಳಗೆ ಬಂದು ಅತ್ತೆಯ ಬಿಳಿಗೂದಲೂ ತಾಮ್ರವಾಗುತ್ತದೆ, ಇಲ್ಲಿ ನೋಡಿದರೆ ಮಗು ಗುಲಾಬಿ, ಅರಳಿದ ಹಾಗೆ, ನೋಡು ಎಷ್ಟು ಚೆನ್ನಾಗಿದಾನೆ, ಸುಮ್ನೆ ಗಾಬರಿ ನಿಂದು — ಹಾಗಾದ್ರೆ ಈ ಗೋಡೆ ಹೊಡೀತಿಲ್ವಾ? — ಹೊಡೀತಿದೆ, ಸ್ವಲ್ಪ. ಮೆಟ್ಟಿಲ ಹತ್ತಿರ ಹಳದಿ ಬಲ್ಬು, ಅಲ್ಲಿ ಮಗುವಿಗೆ ಕಾಮಾಲೆ ಬಂದ ಹಾಗೆ. ಸರಿ, ಮಹಡಿಗೇ ಹೋದರು, ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಅವಳು ಮುಂದೆ, ಗಾಳಿ ಗಾಳಿ ಅಂತ ಬೊಬ್ಬೆ ಹೊಡೆಯುತ್ತ ಅತ್ತೆ ಹಿಂದೆ, ಬಯಲು ಬೆಳಕು, ಇನ್ನೇನು ಹೇಳುತ್ತಾನೆ ನೋಡೋಣ, ಇಲ್ಲಿ ಯಾವ ಗೋಡೆ ಇದೆ, ಅವನು ತುಂಬ ಹೊತ್ತು ನೋಡಿದ, ತಲೆ ಎತ್ತಿ, ಆಕಾಶ ಹೊಡೀತಿದೆ, ಅಂದ. ಆಕಾಶ! ಆಕಾಶಕ್ಕೂ ಇವನೇ ಬಳಿದದ್ದು ಅನ್ನುವ ಹಾಗೆ. ಆಮೇಲೆ ಅವನೇ ಹೇಳಿದ, ಒಂದ್ ಕೆಲ್ಸ ಮಾಡ್ತೀನಿ, ರೂಮಿಗೆ ಇವತ್ತೇ ಬಿಳಿ ಹೊಡ್ದುಬಿಡ್ತೀನಿ, ಎರಡು ಕೋಟು, ಬಿಳೀಲಿ ನೋಡಿದ್ರೆ ಯಾರೂ ಸುಳ್ಳು ಹೇಳಕ್ಕಾಗಲ್ಲ, ಸಾಯಂಕಾಲದೊಳಗೆ ನೋಡೋಣ, ಗಾಢ ಇದ್ರೆ ಆವಾಗ್ಲೇ ಹೊರಡೋಣ, ಆಯ್ತಾ? ಆಯ್ತು ಅಂದಳು. ಅಂದದ್ದು ಈ ಬಾಯೇ, ಅದೇ ಉರಿಯುತ್ತಿದೆ ಈಗ, ಮಹಡಿಯಿಂದ ಹಾಗೇ ಇಳಿದು ಬೀದಿಗೆ ಹೋಗಬಹುದಿತ್ತು, ಕಾಲಲ್ಲಿ ಚಪ್ಪಲಿಯೂ ಇತ್ತು.

ಆದರೆ ಈ ಮನೆಯಲ್ಲಿ ಬಣ್ಣ ಅಂದರೆ ಅವನ ಮಾತು, ಮದುವೆಯಾದಾಗಿನಿಂದ ಹಾಗೆಯೇ, ಬೀದಿಯಲ್ಲಿ ಅವನ ಅಡ್ಡಹೆಸರೇ ಶೇಡ್ ಕಾರ್ಡ್, ಬಣ್ಣದಂಗಡಿಯ ಮಾದರಿ ಕಾರ್ಡು, ಏನಪ್ಪಾ ಶೇಡ್ ಕಾರ್ಡು, ನಮ್ಮನೆ ಬಾಗ್ಲಿಗೆ ಯಾವ್ದು ಒಪ್ಪುತ್ತೆ ಹೇಳು, ಹಣ್ಣು ಹಣ್ಣಾಗಿದೆಯೋ ಇಲ್ಲವೋ ಅಂತ ಅತ್ತೆ ಕೇಳುವುದೂ ಅವನನ್ನೇ, ಸುಳ್ಳಲ್ಲ, ಕಣ್ಣು ಹಾಗಿದೆ ಅವನದು, ಒಂದು ಹನಿ ಕಪ್ಪು ಹೆಚ್ಚು ಬಿದ್ದರೂ ಡಬ್ಬ ಕಲಕುವಾಗಲೇ ಹೇಳುತ್ತಾನೆ. ಬಸುರಿಯಾದಾಗ ಅವನೇ ಕಲಸಿದ ನೀಲಿ, ಅಂಗಡಿಯ ನೀಲಿ ಅಲ್ಲ, ಬಿಳಿಗೆ ಒಂದಿಷ್ಟು ನೀಲಿ, ಚೂರು ಬೂದು, ಮತ್ತೆ ನೀಲಿ, ಕೋಲಿನಿಂದ ಕಲಕಿ ಕಲಕಿ ಅವಳ ಅಂಗೈಗೆ ಹಚ್ಚಿ ನೋಡಿ, ನಮ್ಮ ಗುಂಡನ ಕಣ್ಣಿಗೆ ತಂಪಾಗಿರ್ಬೇಕು, ಅಂದಿದ್ದ, ಆಗ ಅವಳು ಎಷ್ಟು ನಕ್ಕಿದ್ದಳು. ಗುಂಡ ಅಂತ ಹೆಸರಿಟ್ಟದ್ದು ಅತ್ತೆ, ಹೊಟ್ಟೆ ಅಷ್ಟು ದುಂಡಗಿತ್ತು, ಹುಟ್ಟಿದ್ದು ಹಿಡಿ ಮೂಳೆ, ಹೆಸರು ಹಾಗೇ ಉಳಿಯಿತು, ಗುಂಡನ ಗುಂಡಿಗೆ ಸರಿಯಿಲ್ಲ, ಗುಂಡನ ಅಮ್ಮ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವವಳು, ಒಂದೇ ಮಾತಿನ ಸುತ್ತ ಬದುಕು ಗಿರಕಿ ಹೊಡೆಯುತ್ತಿದೆ, ನಗು ಬರಬೇಕಿತ್ತು, ಬರುವುದಿಲ್ಲ. ಹುಟ್ಟಿದ ಎರಡನೇ ತಿಂಗಳಲ್ಲಿ ಅವಳೇ ಮೊದಲು ಕೇಳಿದ್ದು, ರೀ, ಇವನ ತುಟಿ ಸ್ವಲ್ಪ ನೀಲಿ ಇದೆಯಾ, ಉಗುರೂ, ಅವನು ಒಂದು ಕಣ್ಣು ಮುಚ್ಚಿದ, ನೋಡಿದ, ಗೋಡೆ ಬಣ್ಣ ಹೊಡೀತಿದೆ. ಅಷ್ಟೇ. ಮನೆ ನಿರಾಳವಾಯಿತು. ಅತ್ತೆ ಬಂದವರಿಗೆಲ್ಲ ಅದನ್ನೇ ಹೇಳಿದರು, ಮಗು ಯಾಕೋ ಕಪ್ಪಿಟ್ಟ ಹಾಗಿದೆಯಲ್ಲ ಅಂದವರಿಗೆ, ಅಯ್ಯೋ ಗೋಡೆ ಬಣ್ಣ ಕಣ್ರೀ, ನನ್ಮಗ ಹೇಳ್ದ, ಹಾಲು ಹೀರುವಾಗ ಬೆವರುತ್ತಿತ್ತು ಮಗು, ಎರಡು ಗುಟುಕಿಗೆ ದಣಿದು ಬಿಡುತ್ತಿತ್ತು, ಸೋಮಾರಿ, ಅವರಪ್ಪನ ಹಾಗೆ, ಎಂದು ಎಲ್ಲರೂ ನಕ್ಕರು, ಅವಳೂ ನಕ್ಕಳು, ಮಗುವಿನ ಕೆನ್ನೆ ತಟ್ಟಿ ಕುಡಿ ಸೋಮಾರಿ ಕುಡಿ ಎಂದಳು. ಆ ಸೋಮಾರಿ ಉಸಿರಿಗಾಗಿ ಮೂರು ಹೊತ್ತೂ ಕೂಲಿಯವನ ಹಾಗೆ ದುಡಿಯುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಚುಚ್ಚುಮದ್ದಿಗೆ ಹೋದಾಗ, ಬಿಳಿ ಟೈಲ್ಸ್ ಹಾಕಿದ ಗೋಡೆ, ಸೂಜಿ ಹಿಡಿದ ನರ್ಸು ಸೂಜಿ ಕೆಳಗಿಟ್ಟು ಮಗುವಿನ ಬೆರಳು ಹಿಡಿದು ಉಗುರು ಒತ್ತಿ ನೋಡಿದಳು, ಬಾಯಿ ತೆರೆಸಿ ನಾಲಿಗೆ ನೋಡಿದಳು, ಯಾವಾಗಿಂದ ಹೀಗೆ ನೀಲಿ ಇದೆ ಅಮ್ಮಾ? — ನಮ್ಮನೆ ಗೋಡೆ ನೀಲಿ ಮೇಡಂ. ಹಾಗೆ ಹೇಳಿದ್ದಳು! ನಮ್ಮನೆ ಗೋಡೆ ನೀಲಿ ಮೇಡಂ, ಕೈಲಾದ ಮಟ್ಟಿಗೆ ವಿನಯದಿಂದ, ನರ್ಸು ಅವಳನ್ನು ನೋಡಿದ ನೋಟ ಇನ್ನೂ ಬೆನ್ನಿನ ಮೇಲೆ ಇಳಿಯುತ್ತದೆ ತಣ್ಣಗೆ, ಇಲ್ಲಿ ಗೋಡೆ ಬಿಳಿ ಇದೆಯಲ್ಲಮ್ಮ ಎಂದು ಡಾಕ್ಟರನ್ನು ಕರೆಯಲು ಓಡಿದಳು. ಅವತ್ತಿನಿಂದ ಬಾಯಲ್ಲಿ ಇನ್ನೂ ರೀ, ನೀವು, ಬನ್ನಿ, ಹೋಗಿ, ಮನಸ್ಸಿನೊಳಗೆ ಮಾತ್ರ ಅವನು ಏಕವಚನಕ್ಕೆ ಇಳಿದಿದ್ದಾನೆ, ಅವಳು ಇಳಿಸಿದ್ದಲ್ಲ, ತಾನಾಗಿ ಇಳಿದದ್ದು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಗದದ ಮೇಲೆ ಗುಂಡಿಗೆಯ ಚಿತ್ರ ಬರೆದು ತೋರಿಸಿದರು, ಇಲ್ಲಿ ಎರಡು ಕೋಣೆ ಮಧ್ಯೆ ಒಂದು ತೂತು, ಇಲ್ಲಿ ಶ್ವಾಸಕೋಶಕ್ಕೆ ಹೋಗೋ ದಾರಿ ಕಿರಿದು, ಅದಕ್ಕೇ ಕೆಟ್ಟ ರಕ್ತ ಒಳ್ಳೇ ರಕ್ತ ಬೆರೆತು ನೀಲಿ ಆಗೋದು, ತೂತಿಗೆ ತೇಪೆ ಹಾಕ್ತೀವಿ, ದಾರಿ ಅಗಲ ಮಾಡ್ತೀವಿ — ತೇಪೆ ಅಂದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು, ತೇಪೆ ಹಾಕುವುದು ಎಷ್ಟು ಸೂಕ್ಷ್ಮ, ಬಟ್ಟೆ ಎಳೆಯಬಾರದು, ಸುಕ್ಕು ಬೀಳಬಾರದು, ಯಾವ ದಾರ ಹಾಕ್ತೀರಾ ಡಾಕ್ಟ್ರೇ ಎಂದು ಕೇಳಿಯೇ ಬಿಟ್ಟಳು, ಅವನು ಮೇಜಿನ ಕೆಳಗೆ ಅವಳ ಕಾಲು ತುಳಿದ, ಡಾಕ್ಟರಮ್ಮ ಮಾತ್ರ ನಗದೆ ಹೇಳಿದರು, ತುಂಬಾ ಸಣ್ಣದು ಅಮ್ಮಾ, ಕೂದಲಿಗಿಂತ ಸಣ್ಣದು, ನೀಲಿ ಬಣ್ಣದ್ದೇ. ಅದೂ ನೀಲಿ. ಮನೆಗೆ ಬಂದರೆ ಬಂದವರ ಬಾಯಲ್ಲೆಲ್ಲ ಎದೆ, ಎದೆ ಗಟ್ಟಿ ಮಾಡ್ಕೋ, ಎದೆಗುಂದಬೇಡ, ಎದೆ ಒಡ್ಕೊಂಡ್ರೆ ಹೇಗೆ, ಈ ಹಾಳು ಮಾತುಗಳಲ್ಲಿ ಮಾತಿಗೊಂದು ಎದೆ, ನನ್ನೆದೆ ಗಟ್ಟಿ ಮಾಡಿಕೊಂಡು ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ, ಗಟ್ಟಿಯಾಗಬೇಕಾದ ಎದೆ ಇಲ್ಲಿದೆ ನೋಡಿ, ನನ್ನ ಅಂಗೈಗೆ ಸಾಲದಷ್ಟು, ಅಂಗಿಯ ಗುಂಡಿ ಬಿಚ್ಚಿದರೆ ಪಕ್ಕೆಲುಬಿನ ನಡುವೆ ಚರ್ಮ ಹಳ್ಳ ಬೀಳುವುದು ಕಾಣುತ್ತದೆ, ಅದಕ್ಕೆ ಹೇಳಿ ಗಟ್ಟಿ ಮಾಡ್ಕೋ ಅಂತ. ಅತ್ತೆ ಬೇರೆ, ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲಮ್ಮ. ನಮ್ಮ ಕಡೆಯೂ ಇಲ್ಲ ಅತ್ತೆ, ಎರಡೂ ಕಡೆಯಿಂದ ಯಾರೂ ಕಳಿಸದೆ ತಾನಾಗಿ ಬಂದಿದೆ, ಬಾಗಿಲು ತೆಗೆದದ್ದು ಮಾತ್ರ ನಾನು.

ಚಪ್ಪ, ಚಪ್ಪ, ಎರಡನೇ ಕೋಟು. ಮೊದಲನೇ ಕೋಟು ಒಣಗಲಿ ಅಂತ ಅಷ್ಟು ಹೊತ್ತು ಬೀಡಿ ಸೇದಿ ಬಂದ, ಮಗುವಿಗೆ ಹೊಗೆ ತಾಗಬಾರದೆಂದು ಬೀದಿಯ ಆಚೆ ಬದಿಗೆ ಹೋಗಿ ಸೇದುತ್ತಾನೆ, ಅಷ್ಟು ಪ್ರೀತಿ ಇದೆ, ಪ್ರೀತಿ ಇಲ್ಲ ಅಂತ ಯಾರು ಅಂದರು, ಪ್ರೀತಿಯೇ ಮೂರ್ಖತನಕ್ಕೆ ಹಾಸಿಕೊಟ್ಟ ಚಾಪೆ. ಮಧ್ಯಾಹ್ನ ಡಬ್ಬದ ಮುಚ್ಚಳ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಖಣ್ ಅಂತ, ಈ ಮನೆಯಲ್ಲಿ ಸದ್ದು ಬೀಳಬಾರದು, ಕರೆಗಂಟೆಯ ತಂತಿ ಕಿತ್ತು ತಿಂಗಳುಗಳಾದವು, ಚಮಚ ಕೂಡ ಬಟ್ಟೆಯ ಮೇಲೆ ಇಡುವುದು, ಯಾಕೆಂದರೆ ಮಗು ಅಳಬಾರದು, ಅತ್ತರೆ ಆ ಕಿರಿದಾದ ದಾರಿ ಇನ್ನೂ ಬಿಗಿಯುತ್ತದೆ — ಮುಚ್ಚಳ ಬಿತ್ತು, ಮಗು ಬೆಚ್ಚಿತು, ಬಾಯಿ ತೆರೆಯಿತು, ಅಳು ಹೊರಗೆ ಬರುವ ಮೊದಲೇ ಮುಖ ಕಂದಿತು, ಅವಳು ತಕ್ಷಣ ಮಗುವಿನ ಮಂಡಿ ಎರಡನ್ನೂ ಮಡಚಿ ಅದರ ಎದೆಗೆ ಒತ್ತಿ ಹಿಡಿದಳು, ನರ್ಸು ಹೇಳಿಕೊಟ್ಟ ಹಾಗೆ, ಹೊಟ್ಟೆಯಲ್ಲಿದ್ದ ಹಾಗೆ ಮಡಚಿ, ಗುಂಡ ಗುಂಡ ಗುಂಡ, ಉಸಿರು ಬಿಡು ರಾಜ, ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡರು, ಅವನು ಏಣಿಯ ಮೇಲೆಯೇ ನಿಂತ, ಇಳಿಯಲಿಲ್ಲ, ರೋಲರಿನಿಂದ ಬಿಳಿ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು, ಇಳಿಯಲು ಕಾಲು ಬರಲಿಲ್ಲ ಅವನಿಗೆ, ಅದು ಅವಳಿಗೆ ಕಂಡಿತು. ಮಗು ಬಿಕ್ಕಿತು, ಬಿಗಿ ಸಡಿಲಿತು, ನಿದ್ದೆಗೆ ಜಾರಿತು, ಅದು ನಿದ್ದೆಯೋ ಸುಸ್ತೋ. ಹೋಗೋಣ ರೀ, ಈಗ್ಲೇ ಹೋಗೋಣ, ಎಂದಳು. ಈ ತರ ಮೊದ್ಲೂ ಆಗಿದೆಯಲ್ಲ, ಬಿಟ್ಟೂ ಹೋಗಿದೆಯಲ್ಲ, ಈ ಕೋಟಿಗೆ ಇನ್ನೊಂದೇ ಗೋಡೆ ಉಳಿದಿದೆ, ಅಂದ, ದನಿಯಲ್ಲಿ ಬೇಡಿಕೆ ಇತ್ತು. ಅವನಿಗೆ ಭಯ, ಅದು ಅವಳಿಗೆ ಗೊತ್ತು, ಮುಂಜಾನೆ ನಿದ್ದೆಯಲ್ಲಿ ಹೇಳಿದ್ದನ್ನು ಕೇಳಿದ್ದಾಳೆ, ಎದೆ ಕುಯ್ತಾರೆ, ಎದೆ ಕುಯ್ತಾರೆ, ಎರಡು ಸಲ, ಗಾಢವಾಗಿದೆ ಅಂತ ಒಪ್ಪಿಕೊಂಡರೆ ಇವತ್ತೇ ಕುಯ್ಯುತ್ತಾರೆ, ಒಪ್ಪಿಕೊಳ್ಳದಿದ್ದರೆ ಇನ್ನೊಂದು ದಿನ ಇಡೀ ಮಗು, ಇಡೀ ಚರ್ಮ, ಅವಳಿಗೆ ಭಯವಿಲ್ಲವೇ, ಇದೆ, ಅವಳ ಭಯಕ್ಕೆ ಬಳಿಯಲು ಗೋಡೆ ಸಿಕ್ಕಿಲ್ಲ ಅಷ್ಟೇ.

ಅವಳಿಗೆ ಇರುವುದು ಎರಡು ತುಂಡು ದಾರ. ರವಿಕೆಯ ಪಿನ್ನಿಗೆ ಸುತ್ತಿಟ್ಟಿದ್ದಾಳೆ, ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ, ಹೊಲಿಗೆ ಅಂಗಡಿಯಲ್ಲಿ ಹರಿದ ಪ್ಯಾಂಟಿಗೆ ದಾರ ಹೊಂದಿಸುವುದು ಹಾಗೆಯೇ, ಎಳೆಯನ್ನು ಬಟ್ಟೆಯ ಮೇಲೆ ಹಾಸಿ ನೋಡುವುದು, ಹೊಂದದ ದಾರ ಗೆರೆಯಾಗಿ ಕಾಣುತ್ತದೆ, ಹೊಂದಿದ ದಾರ ಕಾಣೆಯಾಗುತ್ತದೆ. ಡಾಕ್ಟರಮ್ಮ ಇದಕ್ಕಿಂತ ಗಾಢ ಆದರೆ ಅಂದ ದಿನ ಅಂಗಡಿಗೆ ಹೋಗಿ, ಕೆಲಸ ಬಿಟ್ಟವಳು ಯಾಕೆ ಬಂದಳು ಎಂದು ಮಾಲೀಕರು ಹುಬ್ಬೇರಿಸಿದರೂ ಲೆಕ್ಕಿಸದೆ, ಮಗುವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ನಿಂತು ಆ ದಿನದ ತುಟಿಗೆ ಹೊಂದಿದ ಎಳೆ ಹುಡುಕಿದಳು, ಅದರ ಪಕ್ಕದ ರೀಲಿನಿಂದ ಒಂದು ಮೆಟ್ಟಿಲು ಗಾಢದ್ದನ್ನೂ ತುಂಡು ಮಾಡಿಕೊಂಡಳು, ಮಕ್ಕಳ ಶಾಲೆಯ ಲಂಗಕ್ಕೆ ಹಾಕುವ ನೀಲಿ. ಮೊದಲನೆಯದು ಅವತ್ತಿನ ತುಟಿ. ಎರಡನೆಯದು ಆಗಬಾರದ ತುಟಿ. ಬೆಳಗ್ಗೆ ತಿಳಿ ಬಣ್ಣದ ಎಳೆ ಹಾಸಿದಾಗ ಬೆಳ್ಳಗೆ ಗೆರೆಯಾಗಿ ಕಂಡಿತು, ಗಾಢದ್ದನ್ನು ಹಾಸಲು ಕೈ ಬರಲಿಲ್ಲ, ಈಗ ಇಲ್ಲಿ ಹಾಸಿದರೆ ಇಟ್ಟಿಗೆಯ ಕೆಂಪು, ದಾರವೂ ಕೆಂಪು, ತುಟಿಯೂ ಕೆಂಪು, ಈ ಅಡುಗೆಮನೆ ಕೂಡ ಗಂಡನ ಮನೆಯದೇ ತಾನೇ, ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕತ್ತು ಬಗ್ಗಿಸಿ ನೋಡುತ್ತಾಳೆ, ರೆಪ್ಪೆ ಅಲುಗುತ್ತಿದೆ, ಕತ್ತಿನ ಗುಳಿಯಲ್ಲಿ ಬೆವರು, ಉಸಿರು ಅವಸರದಲ್ಲಿದೆ, ಗುಲಾಬಿ, ಸುಳ್ಳು ಗುಲಾಬಿ, ಎಲ್ಲಿ ಹೋದರೂ ಯಾವುದಾದರೂ ಒಂದು ಗೋಡೆ ಮಗುವಿನ ಮುಖಕ್ಕೆ ತನ್ನ ಮಾತು ಹಚ್ಚುತ್ತದೆ.

ಚಪ್ಪ ಚಪ್ಪ ನಿಂತಿತು. ಬಾರೇ, ಅಂತ ಕರೆದ, ಉಬ್ಬಿದ ದನಿಯಲ್ಲಿ, ಬಾ ಕರ್ಕೊಂಡು ಬಾ, ಬೆಳಕು ಇರುವಾಗ್ಲೇ ನೋಡ್ಬಿಡು, ಕಿಟ್ಕಿ ಎಲ್ಲ ತೆಗ್ದಿದೀನಿ ವಾಸ್ನೆ ಇಲ್ಲ, ಅತ್ತೆಯೂ ಬಂದರು ಫೋನು ಕಿವಿಗಿಟ್ಟುಕೊಂಡೇ, ತಡಿಯೇ ಮತ್ತೆ ಮಾಡ್ತೀನಿ, ಅವಳು ಎದ್ದಳು, ಮಂಡಿ ನೆಟಿಗೆ ಮುರಿಯಿತು, ಹೊಸಿಲು ದಾಟಿದರೆ ಕಣ್ಣು ಕುಕ್ಕುವ ಬಿಳಿ, ನಾಲ್ಕೂ ಗೋಡೆ, ಸೂರು, ಸೂರಿನ ಮೂಲೆ ಕೂಡ, ಚೊಕ್ಕ ಕೆಲಸ, ಹೆಸರಿಡುವ ಹಾಗಿಲ್ಲ, ನೀಲಿಯ ಗುರುತು ಒಂದು ಕೂದಲೆಳೆಯಷ್ಟೂ ಇಲ್ಲ, ಹಾಸಿಗೆ ಹೊರಗಿದೆ, ತೊಟ್ಟಿಲು ಹೊರಗಿದೆ, ನೆಲಕ್ಕೆ ಹಾಸಿದ ಹಳೇ ಕಾಗದದ ಮೇಲೆ ನಾಲ್ಕು ಜನ, ಇಲ್ಲಿ ಯಾವುದೂ ಯಾವುದಕ್ಕೂ ಏನನ್ನೂ ಹಚ್ಚುವುದಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ ಮಗುವನ್ನು ಹೆಗಲಿಂದ ಇಳಿಸಿ ತೋಳಿನ ಮೇಲೆ ಮಲಗಿಸಿಕೊಂಡಳು. ಮೂವರೂ ನೋಡಿದರು. ಅತ್ತೆಯ ಬಾಯಿಂದ ಅಯ್ಯೋ ಅನ್ನುವುದು ಅರ್ಧಕ್ಕೆ ಬಂದು ನಿಂತಿತು. ಅವಳು ಪಿನ್ನಿನಿಂದ ಗಾಢ ಎಳೆಯನ್ನು ಬಿಡಿಸಿದಳು, ಅದು ಎರಡು ಸಲ ಜಾರಿತು, ಮೂರನೇ ಸಲ ಮಗುವಿನ ಕೆಳತುಟಿಯ ಮೇಲೆ ಉದ್ದಕ್ಕೆ ಹಾಸಿದಳು, ಇತ್ತ ಕೆನ್ನೆಯ ಮೇಲೆ ದಾರದ ತುದಿ ಇದೆ, ಅತ್ತ ಕೆನ್ನೆಯ ಮೇಲೆ ಇನ್ನೊಂದು ತುದಿ ಇದೆ, ನಡುವೆ ದಾರ ಇಲ್ಲ. ಅವನು ಒಂದು ಕಣ್ಣು ಮುಚ್ಚಲಿಲ್ಲ, ಎರಡೂ ಕಣ್ಣಲ್ಲಿ ನೋಡಿದ, ಮುಖದ ಮೇಲೆ ಬಿಳಿ ಚುಕ್ಕೆ ಚುಕ್ಕೆ, ಒಂದು ಚುಕ್ಕೆ ರೆಪ್ಪೆಯ ಮೇಲೆ ಒಣಗಿದೆ, ಅವನಿಗೆ ಕಂಡಿತು, ಕಂಡದ್ದು ಅವಳಿಗೆ ಕಂಡಿತು, ಅವನು ಕೈಯೆತ್ತಿ ಗೋಡೆ ಮುಟ್ಟಿ, ಅಂಗೈಗೆ ಅಂಟಿದ ಹಸಿ ಬಿಳಿಯನ್ನು ನೋಡಿಕೊಂಡು, ಇನ್ನೊಂದು ಕೋಟು ಬೇಕು ಅಂತ ಕಾಣುತ್ತೆ, ಅಂದ, ಕೆಳಗಿನ ನೀಲಿ ಇನ್ನೂ ಹೊಡೀತಿದೆ.

ದಾರಿ ಬಿಡು, ಅಂದಳು ಅವಳು.

ಅವನು ಬಿಟ್ಟ, ಅತ್ತೆ ಏನೋ ಹೇಳಿದರು, ಟವಲು, ಟವಲಾದರೂ ಸುತ್ತಿಕೊಳ್ಳೇ, ಮೆಟ್ಟಿಲ ಹಳದಿ ಬಲ್ಬು, ಕೈಗೆ ಒರಟು ಕಟಕಟೆ, ಕಾಲು ತಾನಾಗಿ ಇಳಿಯುತ್ತಿದೆ, ಹಿಂದೆ ಯಾರೋ ಓಡಿ ಬರುವ ಸದ್ದು, ಬರಲಿ, ಬಿಡಲಿ, ಆಸ್ಪತ್ರೆಯಲ್ಲಿ ಏನು ಕೇಳುತ್ತಾರೆ, ಯಾವಾಗಿಂದ ಅಮ್ಮಾ ಅಂತ ಕೇಳುತ್ತಾರೆ, ಏನು ಹೇಳಲಿ, ಬೆಳಗ್ಗೆಯಿಂದ ಅನ್ನಲೇ, ಬೆಳಗ್ಗೆಯಿಂದ ಮನೆಯಲ್ಲಿ ಕೂತು ಏನು ಮಾಡುತ್ತಿದ್ದಿರಿ ಅಂದರೆ, ಗೋಡೆ, ಗೋಡೆ ಒಣಗಲಿ ಅಂತ, ಬೀದಿ, ಹಾರ್ನು, ಯಾರೋ ಏನಮ್ಮಾ ಎಲ್ಲಿಗೆ ಅಂದರು, ಗುಂಡ, ಗುಂಡ, ತೋಳಿನಲ್ಲಿ ಇಷ್ಟೂ ಭಾರವಿಲ್ಲ, ತೂಕ ಬರಲಿ ಅಂದಿದ್ದರು, ಬರಲಿಲ್ಲ, ಇನ್ನು ಏನೂ ತೋಚುತ್ತಿಲ್ಲ, ಇತ್ತ ಒಂದು ತುದಿ, ಅತ್ತ ಒಂದು ತುದಿ, ನಡುವೆ ತುಟಿ, ತುಟಿಯ ಮೇಲೆ ದಾರ ಇದೆ, ಇದೆ, ಅವಳೇ ಇಟ್ಟದ್ದು, ಕಾಣುತ್ತಿಲ್ಲ.